ಏಲಮಾದ ನೆಲದ ಹಕ್ಕು

ಕಡಬವು ಪ್ರತ್ಯೇಕ ತಾಲೂಕಾಗುವುದಕ್ಕೆ ಬಹು ಹಿಂದೆ, ಪುತ್ತೂರಿನ ಆಡಳಿತಕ್ಕೆ ಒಳಪಟ್ಟಿದ್ದ ಕಾಲದಲ್ಲಿ, ಕುಮಾರಧಾರೆಯ ಆಸುಪಾಸಿನ ಒಂದು ಅಡಕೆ ತೋಟವನ್ನಾಗಲಿ ಬೈಲಿನ ಒಂದು ಗದ್ದೆಯನ್ನಾಗಲಿ ಇಂಥವನದೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸುಲಭವಾಗಿರಲಿಲ್ಲ. ಸರಕಾರಕ್ಕೆ ತೀರ್ವೆ ಕಟ್ಟುವ ವರ್ಗದಾರನೊಬ್ಬ. ಅವನಿಗೆ ನಿಶ್ಚಿತವಾದ ಗೇಣಿಯನ್ನು ಸಲ್ಲಿಸಿ ನೆಲವನ್ನು ತಲೆತಲಾಂತರವಾಗಿ ಅನುಭವಿಸುವ ಮೂಲಗೇಣಿದಾರನಿನ್ನೊಬ್ಬ. ಧಣಿಯ ಮರ್ಜಿ ಇರುವವರೆಗೆ ಉಳುವ ಚಾಲಗೇಣಿಯ ಒಕ್ಕಲು ಮತ್ತೊಬ್ಬ. ಇದಲ್ಲದೆ ಸಾಗುವಳಿಯ ಅಂಚಿನಿಂದ ನೂರು ಗಜದವರೆಗಿನ ಸರಕಾರಿ ಕುಮ್ಕಿಯಲ್ಲಿ ಸೊಪ್ಪುಸೌದೆಗಳನ್ನು ತರುವ ಅನುಕೂಲವು ಬೇರೆ. ಇಂತಹ ಭೂಮಿಯು ಸಾಲಕ್ಕೆ ಅಡವಾಗಿ, ಸಾಲ ತೀರದೆ ಏಲಮಿಗೆ ಬಂದಾಗ, ಕೊಂಡವನು ಕೊಂಡುದಾದರೂ ಏನನ್ನು ಎಂಬ ಪ್ರಶ್ನೆಯು ಈ ಸೀಮೆಯ ಭೂಸಾಲದ ಚರಿತ್ರೆಯುದ್ದಕ್ಕೂ ಹರಿದುಬಂದಿದೆ.

ಆ ಸಾಲದ ಒಂದು ಬೇರು ನಗದು ತೀರ್ವೆಯಲ್ಲಿದೆ. 1799ರಲ್ಲಿ ಟಿಪ್ಪುವಿನ ಪತನಾನಂತರ ಕನ್ನಡ ಜಿಲ್ಲೆಯು ಕುಂಪಣಿಯ ವಶವಾಗಿ, ಥಾಮಸ್ ಮನ್ರೋ ಅದರ ಕಲೆಕ್ಟರನಾಗಿ ಬಂದನು. ಕಡಬದ ದಕ್ಷಿಣಕ್ಕಿರುವ ಅಮರಸುಳ್ಯ ಸೀಮೆಯಾದರೋ 1834ರವರೆಗೂ ಕೊಡಗಿನ ಅರಸರ ಕೈಯಲ್ಲಿದ್ದಿತು. ಅರಸರ ಕಾಲದಲ್ಲಿ ಧಾನ್ಯರೂಪವಾಗಿ ಸಲ್ಲುತ್ತಿದ್ದ ಕಂದಾಯವನ್ನು ಕುಂಪಣಿಯು ನಾಣ್ಯರೂಪವಾಗಿ ಕೇಳಲಾಗಿ, ಬೆಳೆ ಮಾರಿ ಹಣವಾಗುವ ಮುನ್ನವೇ ಕಂತು ಕಟ್ಟಬೇಕಾದ ರೈತನು ಸಾಹುಕಾರನ ಜಗಲಿಯನ್ನು ಏರಲೇಬೇಕಾಯಿತು. 1837ರಲ್ಲಿ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನವರೆಗೆ ನುಗ್ಗಿದ ರೈತರ ದಂಗೆಗೆ ಈ ಅಸಮಾಧಾನವೂ ಒಂದು ಮುಖ್ಯ ಕಾರಣವಾಗಿದ್ದಿತು. ದಂಗೆಯನ್ನು ಅಡಗಿಸಿದ ಸರಕಾರವು ನಗದಿನ ಪದ್ಧತಿಯನ್ನು ಬಿಡಲಿಲ್ಲವಾದುದರಿಂದ ಅಡವುಪತ್ರಗಳ ವ್ಯವಹಾರವು ಬೆಳೆಯುತ್ತಲೇ ಹೋಯಿತು.

1882ರ ಸ್ವತ್ತು ವರ್ಗಾವಣೆ ಕಾಯಿದೆಯು ಈ ವ್ಯವಹಾರಕ್ಕೆ ಶಾಸ್ತ್ರೀಯ ರೂಪವನ್ನು ಕೊಟ್ಟಿತು. ನೆಲವನ್ನು ಸಾಲಗಾರನಲ್ಲಿಯೇ ಬಿಟ್ಟು ಬರೆಯಿಸಿಕೊಳ್ಳುವ ಸಾದಾ ಅಡವು, ಫಲವನ್ನು ಬಡ್ಡಿಗೆ ವಜಾ ಹಾಕಿಕೊಳ್ಳುವ ಭೋಗ್ಯ, ವಾಯಿದೆಯೊಳಗೆ ಹಣ ಬಾರದಿದ್ದರೆ ಮಾರಾಟವೆಂದೇ ಭಾವಿಸತಕ್ಕ ಷರತ್ತಿನ ಕ್ರಯ ಎಂಬ ಭೇದಗಳಲ್ಲಿ ಭೋಗ್ಯದಾರನಿಗೆ ನೆಲವನ್ನು ಮಾರಿಸುವ ಅಧಿಕಾರವಾಗಲಿ, ಬಿಡಿಸಿಕೊಳ್ಳುವ ಹಕ್ಕನ್ನು ಮುಚ್ಚಿಹಾಕುವ ಅಧಿಕಾರವಾಗಲಿ ಇರಲಿಲ್ಲ. ಬಿಡಿಸಿಕೊಳ್ಳುವ ದಾವೆಗೆ 1908ರ ಕಾಲಮಿತಿ ಕಾಯಿದೆಯು 60 ವರ್ಷಗಳನ್ನಿತ್ತಿತು. 1963ರ ಕಾಯಿದೆಯು ಅದನ್ನು 30ಕ್ಕೆ ಇಳಿಸಿತು. ಭೋಗ್ಯದ ಮಟ್ಟಿಗೆ ಈ ಅವಧಿಯು ಪತ್ರದ ತಾರೀಖಿನಿಂದ ಆರಂಭವಾಗುವುದಿಲ್ಲವೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿತು. ಅಜ್ಜನು ಬರೆದುಕೊಟ್ಟ ಪತ್ರವನ್ನು ಹಿಡಿದು ಮೊಮ್ಮಗನು ತೋಟವನ್ನು ಕೇಳಲು ಬರುವುದು ಹೀಗೆ ಶಕ್ಯವಾಯಿತು.

ಸಾದಾ ಅಡವಿನ ದಾರಿಯು ಕೋರ್ಟಿನ ಮೂಲಕ ಹೋಗತಕ್ಕದ್ದು. ಮೊದಲು ಒಂದು ಡಿಕ್ರಿಯಾಗಿ, ಹಣ ಕಟ್ಟಲು ಅವಧಿಯನ್ನಿತ್ತು, ಅದು ಮೀರಿದ ಮೇಲೆ ಅಂತಿಮ ಡಿಕ್ರಿಯಾಗಿ, ಏಲಮಿನ ಘೋಷಣೆಯನ್ನು ಆ ನೆಲದಲ್ಲಿಯೂ ಕೋರ್ಟಿನ ಗೋಡೆಯಲ್ಲಿಯೂ ಅಂಟಿಸಿ, ಡಂಗುರ ಹೊಯ್ಯಿಸಿ, ವಾಯಿದೆ ಕಳೆದ ಬಳಿಕ ಸವಾಲು ಕರೆಯಬೇಕು. ಗೆದ್ದವನು ಕಾಲುಭಾಗವನ್ನು ಅಲ್ಲಿಯೇ, ಉಳಿದುದನ್ನು 15 ದಿನಗಳೊಳಗೆ ಕಟ್ಟಬೇಕು. ಡಂಗುರವು ಕಾಗದದಲ್ಲಿ ಮಾತ್ರ ಹೊಯ್ದುದಾದರೆ, ಬೆಲೆಯನ್ನು ಕುಗ್ಗಿಸಿ ಕಾಣಿಸಿದ್ದರೆ, ನೋಟೀಸು ಮುಟ್ಟಬೇಕಾದವನಿಗೆ ಮುಟ್ಟದಿದ್ದರೆ, ಆ ದೋಷದಿಂದ ತನಗೆ ಹಾನಿಯಾಯಿತೆಂದು ತೋರಿಸಿ ಏಲಮನ್ನು ರದ್ದುಗೊಳಿಸಲು ಸಾಲಗಾರನಿಗೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಅವಕಾಶವನ್ನಿತ್ತಿದೆ. ಇದಕ್ಕೂ ಮಿಗಿಲಾದ ಸಂಗತಿಯೆಂದರೆ, ಕೋರ್ಟು ಮಾರುವುದು ಸಾಲಗಾರನಿಗಿದ್ದ ಹಕ್ಕನ್ನು ಮಾತ್ರ. ಅವನ ಹಕ್ಕು ನಿರ್ದುಷ್ಟವೆಂಬ ಭರವಸೆಯನ್ನು ಅದು ಕೊಡುವುದಿಲ್ಲ. ವರ್ಗವನ್ನು ಕೊಂಡವನಿಗೆ ಮೂಲಗೇಣಿಯವನಿಂದ ಹಳೆಯ ಗೇಣಿಯಷ್ಟೇ ದಕ್ಕುತ್ತಿದ್ದಿತು. ತೋಟದ ಅರ್ಧವು ಕುಮ್ಕಿಗೆ ಚಾಚಿದ್ದರೆ ಆ ಅರ್ಧವು ಸರಕಾರದ್ದೇ.

ಅಳಿಯಸಂತಾನದ ಕುಟುಂಬಗಳಲ್ಲಿ ತೊಡಕು ಇನ್ನೂ ಗಹನವಾಗಿದ್ದಿತು. ಆಸ್ತಿಯು ಸ್ತ್ರೀಸಂತತಿಯ ಸಮಸ್ತರದು. ಯಜಮಾನನು ಅದರ ನಿರ್ವಾಹಕನು ಮಾತ್ರ. ಕುಟುಂಬದ ಅವಶ್ಯಕತೆಗಲ್ಲದೆ ಅವನು ಮಾಡಿದ ಅಡವು ಉಳಿದವರನ್ನು ಬಂಧಿಸದು. ಬಲಾತ್ಕಾರವಾಗಿ ಪಾಲು ಕೇಳುವ ಹಕ್ಕಿಲ್ಲವೆಂದು ಮದ್ರಾಸು ಹೈಕೋರ್ಟು 1863ರಲ್ಲಿ ತೀರ್ಮಾನಿಸಿದ ಮೇಲೆ, 1949ರ ಅಳಿಯಸಂತಾನ ಕಾಯಿದೆ ಬರುವವರೆಗೂ, ಕಿರಿಯ ಸದಸ್ಯರಿಗೆ ಯಜಮಾನನ ಪತ್ರವನ್ನು ಪ್ರಶ್ನಿಸುವುದೇ ತಮ್ಮ ಅನ್ನವನ್ನು ಉಳಿಸಿಕೊಳ್ಳುವ ಒಂದು ಮಾರ್ಗವಾಗಿದ್ದಿತು. ಒಂದು ಏಲಮಿನ ಹಿಂದೆಯೇ ಸೋದರಸೊಸೆಯಂದಿರ, ಸೋದರಳಿಯಂದಿರ ದಾವೆಗಳು ಹೊರಡುವುದಕ್ಕೆ ಕಾರಣವಿದೇ.

ಈ ಕಷ್ಟಕ್ಕೆ ಪರಿಹಾರವನ್ನು ಹುಡುಕಿದವರೂ ಇದೇ ನೆಲದವರು. ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರಿ ಸಾಲದ ಸಂಘವನ್ನು ಕಟ್ಟಿದರು. 1914ರಲ್ಲಿ ಅಲ್ಲಿಯೇ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಹುಟ್ಟಿತು. 1938ರ ಮದ್ರಾಸು ಕೃಷಿಕರ ಋಣಪರಿಹಾರ ಕಾಯಿದೆಯಾದರೋ, 1932ರ ಅಕ್ಟೋಬರಿನ ಹಿಂದಣ ಸಾಲಕ್ಕೆ ಅಸಲಿನ ಎರಡರಷ್ಟು ಸಂದಿದ್ದರೆ ಸಾಲವೇ ತೀರಿತೆಂದು ವಿಧಿಸಿತು.

ಎಲ್ಲಕ್ಕಿಂತ ದೊಡ್ಡ ಪರಿವರ್ತನೆಯು ದೇವರಾಜ ಅರಸರ ಕಾಲದಲ್ಲಿ ಬಂದಿತು. 1974ರ ಮಾರ್ಚ್ 1ರಂದು ಗೇಣಿಯ ಭೂಮಿಗಳೆಲ್ಲವೂ ಸರ್ವ ಋಣಭಾರಗಳಿಂದ ಮುಕ್ತವಾಗಿ ಸರಕಾರದಲ್ಲಿ ನಿಹಿತವಾದವು. ಉಳುವವನು ನಮೂನೆ 7ರ ಅರ್ಜಿಯೊಡನೆ ಭೂನ್ಯಾಯಮಂಡಳಿಯ ಮುಂದೆ ನಿಂತನು. ಯಾವ ಘೋಷಣೆಯಲ್ಲಿಯೂ ಹೆಸರಿಲ್ಲದಿದ್ದ ಚಾಲಗೇಣಿಯ ಒಕ್ಕಲೇ ಹಕ್ಕುದಾರನಾದನು. ಏಲಮಿನಲ್ಲಿ ವರ್ಗವನ್ನು ಕೊಂಡವನಿಗೆ ಪರಿಹಾರಧನವಷ್ಟೇ ಉಳಿಯಿತು. ಒಕ್ಕಲಾಗಿದ್ದವನೇ ಧಣಿಯಿಂದ ಭೋಗ್ಯ ಪಡೆದಿದ್ದರೆ ಅವನ ಗೇಣಿಹಕ್ಕು ಅಳಿದುಹೋಯಿತೋ ಉಳಿದಿತ್ತೋ ಎಂಬ ವಾದವು ಬಹುಕಾಲ ನಡೆಯಿತು.

ಇಂತಹ ಅಪಾಯಗಳಿಗೆ ಅಮೆರಿಕೆಯು ಕಂಡುಕೊಂಡ ಉಪಾಯವು, ಕೊಂಡ ಆಸ್ತಿಯ ಹಕ್ಕಿನಲ್ಲಿ ದೋಷ ಹೊರಟರೆ ನಷ್ಟವನ್ನು ತುಂಬಿಕೊಡುವ ಹಕ್ಕಿನ ವಿಮೆ. ವಕೀಲನ ಅಭಿಪ್ರಾಯವನ್ನು ನಂಬಿ ಕ್ರಯಪತ್ರವನ್ನು ಸಿದ್ಧಪಡಿಸಿದವನು ಕೊಂಡವನ ನಷ್ಟಕ್ಕೆ ಹೊಣೆಯಲ್ಲವೆಂದು ಪೆನ್ಸಿಲ್ವೇನಿಯದ ನ್ಯಾಯಾಲಯವು 1868ರಲ್ಲಿ ಹೇಳಿದ ಮೇಲೆ, 1876ರಲ್ಲಿ ಫಿಲಡೆಲ್ಫಿಯದಲ್ಲಿ ಆ ವಿಮೆಯ ಮೊದಲ ಕಂಪೆನಿ ಸ್ಥಾಪಿತವಾಯಿತು. ಆದರೆ ಅಡವಿನ ಕಡತಗಳನ್ನು ಓದದೆಯೇ ಸಹಿ ಹಾಕಿದ ಪ್ರಮಾಣಪತ್ರಗಳಿಂದ ಮನೆಗಳು ಹರಾಜಾದ ಸಂಗತಿಯು 2010ರಲ್ಲಿ ಬಯಲಾದಾಗ, ಕೆಲವು ಬ್ಯಾಂಕುಗಳು ಹರಾಜು ಹಾಕಿದ ಮನೆಗಳಿಗೆ ವಿಮೆ ನೀಡಲು ವಿಮಾಗಾರರೇ ಹಿಂಜರಿದರು. ಹರಾಜಿನ ವೇಳೆಗೆ ಅಡವು ತನ್ನದೆಂದು ತೋರಿಸಲಾರದ ಬ್ಯಾಂಕಿನ ಹರಾಜು ಅಸಿಂಧುವೆಂದು 2011ರ ಜನವರಿಯಲ್ಲಿ ಮ್ಯಾಸಚೂಸೆಟ್ಸಿನ ಪರಮೋಚ್ಚ ನ್ಯಾಯಾಲಯವು ನಿರ್ಣಯಿಸಿತು.

ನಮ್ಮಲ್ಲಿ 2016ರ ರೇರಾ ಕಾಯಿದೆಯು ಹಕ್ಕಿನ ವಿಮೆಯ ಹೆಸರೆತ್ತಿರುವುದಾದರೂ ಅದು ಕಟ್ಟಡದ ಉದ್ಯಮಿಗಳನ್ನು ಕುರಿತದ್ದು. ಕೋರ್ಟಿಲ್ಲದೆ ಅಡವನ್ನು ಮಾರುವ ಅಧಿಕಾರವನ್ನು ಬ್ಯಾಂಕುಗಳಿಗಿತ್ತ 2002ರ ಸರ್ಫೇಸಿ ಕಾಯಿದೆಯು ಕೃಷಿಭೂಮಿಯನ್ನು ಹೊರಗಿಟ್ಟಿದೆ. ಕಡಬದಲ್ಲಿ ತೋಟ ಕೊಳ್ಳುವವನಿಗೆ ಇಂದಿಗೂ ಪಹಣಿ, ಋಣಭಾರ ಪತ್ರ ಮತ್ತು ವಕೀಲನ ಅಭಿಪ್ರಾಯಗಳೇ ಗತಿ; ಋಣಭಾರ ಪತ್ರವಾದರೋ ನೋಂದಣಿಯಾದುದನ್ನು ಮಾತ್ರ ಕಾಣಿಸುವುದು, ಬಾಯಿಮಾತಿನ ಗೇಣಿಯನ್ನೂ ಕುಟುಂಬದ ಪಾಲನ್ನೂ ಕುಮ್ಕಿಯ ಗಡಿಯನ್ನೂ ಕಾಣಿಸದು. ವಿಮೆಯು ನಷ್ಟವನ್ನು ತುಂಬಿಕೊಡಬಹುದಲ್ಲದೆ ಕರೆಯದೆ ಬಿಟ್ಟ ಹಕ್ಕುದಾರನ ಹಕ್ಕನ್ನು ಅಳಿಸಲಾರದು. ಆದುದರಿಂದ ಏಲಮಾದ ನೆಲದ ಭದ್ರತೆಯು, ಏಲಮಿಗೆ ಮೊದಲು ಆ ನೆಲದಲ್ಲಿ ಅನ್ನ ಉಣ್ಣುವವರೆಲ್ಲರನ್ನೂ ಹೆಸರು ಹಿಡಿದು ಕರೆದು ಕೇಳುವ ಕ್ರಮದಲ್ಲಿದೆ; ಈ ಸೀಮೆಯಲ್ಲಿ ತಲೆಮಾರುಗಳ ವ್ಯಾಜ್ಯವನ್ನು ಬೆಳೆಸಿದುದು ಆ ಕ್ರಮದ ಲೋಪವೇ.