ಬದುಕು ಕಲಿಸುವ ಪುಸ್ತಕಗಳು: ಇಂಚಗೇರಿಯಿಂದ ನಿಮ್ಹಾನ್ಸ್‌ವರೆಗೆ

ಮುಂಬಯಿಯ ಖೇತವಾಡಿಯಲ್ಲಿ ಬೀಡಿ ಅಂಗಡಿ ಇಟ್ಟುಕೊಂಡಿದ್ದ ನಿಸರ್ಗದತ್ತ ಮಹಾರಾಜರು ಮರಾಠಿಯಲ್ಲಿ ಆಡಿದ ಮಾತುಗಳನ್ನು ಮಾರಿಸ್ ಫ್ರೀಡ್‌ಮನ್ ಇಂಗ್ಲಿಷಿಗೆ ತಂದರು. 1973ರಲ್ಲಿ ಅದು ‘ಐ ಆಮ್ ದಟ್’ ಎಂಬ ಪುಸ್ತಕವಾಯಿತು. ಅಮೆರಿಕ, ಯುರೋಪುಗಳಲ್ಲಿ ಅಧ್ಯಾತ್ಮದ ಪುಸ್ತಕ ಓದುವವರಿಗೆ ಇವತ್ತಿಗೂ ಈ ಹೆಸರು ಹೊಸದಲ್ಲ. ನಿಸರ್ಗದತ್ತರ ಗುರುಪರಂಪರೆ ಹಿಡಿದು ಹಿಂದಕ್ಕೆ ಹೋದರೆ ಮೊದಲು ಸಿದ್ಧರಾಮೇಶ್ವರ ಮಹಾರಾಜರು, ಅವರ ಹಿಂದೆ ಉಮದಿಯ ಭಾವೂಸಾಹೇಬ ಮಹಾರಾಜರು, ಅವರಿಗೂ ಹಿಂದೆ ನಿಂಬರಗಿ ಮಹಾರಾಜರು ಸಿಗುತ್ತಾರೆ. ಈ ಪರಂಪರೆಯ ಮಠ ಇರುವುದು ವಿಜಯಪುರ ಜಿಲ್ಲೆಯ ಇಂಚಗೇರಿಯಲ್ಲಿ. ಲೋಕಾಪುರದಲ್ಲಿ ಬೆಳಗ್ಗೆ ಬಸ್ ಹತ್ತಿ ಮುಧೋಳ, ಜಮಖಂಡಿ ಹಾದು, ಕೃಷ್ಣೆ ದಾಟಿ ವಿಜಯಪುರದ ಮೇಲೆ ಹೋದರೆ ಹೊತ್ತು ಮುಳುಗುವುದರೊಳಗೆ ಮುಟ್ಟುವ ಊರು. ಪುಸ್ತಕದ ಅಂಗಡಿಗಳಲ್ಲಿ ‘ವ್ಯಕ್ತಿತ್ವ ವಿಕಸನ’, ‘ಅಧ್ಯಾತ್ಮ’ ಎಂಬ ಎರಡು ಚೀಟಿ ಅಂಟಿಸಿದ ಕಪಾಟುಗಳಿರುತ್ತವಲ್ಲ, ಅವುಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಬೆಂಗಳೂರಿನಿಂದ ಶುರುಮಾಡುತ್ತಾರೆ. ನಾನು ಈ ಕಡೆಯಿಂದ ಹೊರಡುತ್ತೇನೆ.

ಅದೇ ಭಾವೂಸಾಹೇಬ ಮಹಾರಾಜರ ಇನ್ನೊಬ್ಬ ಶಿಷ್ಯರು ನಮ್ಮ ಜಮಖಂಡಿಯವರೇ. ರಾಮಚಂದ್ರ ದತ್ತಾತ್ರೇಯ ರಾನಡೆ ಅಲ್ಲಿ 1886ರಲ್ಲಿ ಹುಟ್ಟಿದರು, ಅಲ್ಲಿಯ ಪರಶುರಾಮಭಾವೂ ಹೈಸ್ಕೂಲಿನಲ್ಲಿ ಓದಿದರು. ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಕುಲಪತಿಯೂ ಆದರು. 1926ರಲ್ಲಿ ಉಪನಿಷತ್ತುಗಳ ಮೇಲೆ, 1933ರಲ್ಲಿ ಮಹಾರಾಷ್ಟ್ರದ ಸಂತರ ಮೇಲೆ ಬಂದ ಅವರ ಇಂಗ್ಲಿಷ್ ಗ್ರಂಥಗಳನ್ನು ವಿದ್ವಾಂಸರು ಈಗಲೂ ಓದುತ್ತಾರೆ. ಆದರೆ ರಾನಡೆಯವರು ಕೊನೆಗೆ ಬಂದು ನೆಲೆಸಿದ್ದು ವಿಜಯಪುರ ಜಿಲ್ಲೆಯ ನಿಂಬಾಳದ ಆಶ್ರಮದಲ್ಲಿ. 1957ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅವರು ಕೊಟ್ಟ ಉಪನ್ಯಾಸಗಳು ಅವರು ಹೋದ ಮೇಲೆ ‘ಪಾಥ್‌ವೇ ಟು ಗಾಡ್ ಇನ್ ಕನ್ನಡ ಲಿಟರೇಚರ್’ ಎಂಬ ಗ್ರಂಥವಾದವು. ವಚನಕಾರರನ್ನೂ ಹರಿದಾಸರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ, ಇವರೆಲ್ಲ ಅನುಭವದ ಯಾವ ಯಾವ ಮೆಟ್ಟಿಲು ಹತ್ತಿದರು ಎಂದು ತೂಗಿ ನೋಡಿದ ಗ್ರಂಥವದು. ಭಾಷೆ ಪಂಡಿತರದು, ಕೇಳುವ ಪ್ರಶ್ನೆ ಮಾತ್ರ ನೇಮಕ್ಕೆ ಕೂತ ಸಾಧಕನದು: ಮನಸ್ಸು ನಿಲ್ಲುವುದು ಹೇಗೆ?

ಇಲ್ಲೊಂದು ಸಂಗತಿ ಗಮನಿಸಬೇಕು. ನಿಸರ್ಗದತ್ತರ ಪುಸ್ತಕ ಆಡಿದ ಮಾತು, ರಾನಡೆಯವರದು ಉಪನ್ಯಾಸ. ನಮ್ಮಲ್ಲಿ ಈ ಬಗೆಯ ಸಾಹಿತ್ಯ ಮೊದಲು ಕಿವಿಗೆ ಬಿದ್ದು ಆಮೇಲೆ ಅಚ್ಚಾದದ್ದು. ಓದು ಬರದವರಿಗೂ ಅದು ದಕ್ಕಿತ್ತು. ಶ್ರಾವಣ ಬಂತೆಂದರೆ ಊರೂರಿನ ಮಠ, ಗುಡಿಗಳಲ್ಲಿ ‘ಪುರಾಣ ಹಚ್ಚುವುದು’ ಈ ಸೀಮೆಯ ರೂಢಿ. ಬಸವಪುರಾಣವೋ, ಸಿದ್ಧಾರೂಢರ ಚರಿತ್ರೆಯೋ, ಶರಣಬಸವೇಶ್ವರರ ಪುರಾಣವೋ, ಯಾವುದೋ ಒಂದು. ಕಟ್ಟೆಯ ಮೇಲೆ ಪುರಾಣಿಕರು, ಪಕ್ಕದಲ್ಲಿ ಪೇಟಿ ಹಿಡಿದ ಗವಾಯಿಗಳು, ಇನ್ನೊಂದು ಪಕ್ಕ ತಬಲಾ. ಈ ಗವಾಯಿಗಳಲ್ಲಿ ಬಹಳ ಮಂದಿ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಕತೆ ಅರ್ಧ ತಾಸು ನಡೆದರೆ ಅದರ ನೆಪದಲ್ಲಿ ಸಂಸಾರದ ಮಾತು ಒಂದು ತಾಸು ನಡೆಯುತ್ತದೆ. ಸೊಸೆಯನ್ನು ನೋಡಿಕೊಳ್ಳುವುದು, ಸಾಲ ತೀರಿಸುವುದು, ಸಿಟ್ಟು ನುಂಗುವುದು, ಕುಡಿತ ಬಿಡುವುದು ಎಲ್ಲ ಅದರಲ್ಲೇ ಬಂತು. ಪುರಾಣ ಮಂಗಲವಾಗುವ ದಿನ ಪ್ರಸಾದ. ಹೊರಗೆ ತಾಡಪತ್ರಿ ಹಾಸಿ ಭಜನೆ ಪುಸ್ತಕ, ಗೀತೆ, ಸರ್ವಜ್ಞನ ತ್ರಿಪದಿ ಇಟ್ಟುಕೊಂಡು ಕೂತ ಮಾರಾಟಗಾರ. ಗದಗಿನ ಶಾಬಾದಿಮಠ ಬುಕ್ ಡಿಪೋದಂಥ ಪ್ರಕಾಶಕರು ಬೆಳೆದದ್ದು ಈ ಗಿರಾಕಿಯನ್ನು ನಂಬಿ. ಕಾಗದ ಒರಟು, ಅಚ್ಚು ದಪ್ಪ, ಬೆಲೆ ಕೈಗೆಟುಕುವಷ್ಟು. ವಿಮರ್ಶಕರು ಇವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಹಿಡಿಯಬೇಕಿತ್ತು.

ಈ ದಾರಿಯ ದೊಡ್ಡ ತಿರುವು 1923ರಲ್ಲಿ ಬಂತು. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಡೋಲೆ ಕಟ್ಟುಗಳನ್ನು ಕೂಡಿಸಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. ಮುಂದೆ ಮನೆ ಮಾರಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುವಾಯಿತು. ಜಗುಲಿಯ ಮೇಲೆ ಪೂಜೆಗೆ ಇಟ್ಟ ಕಟ್ಟು ಕೈಯಲ್ಲಿ ಹಿಡಿದು ಓದುವ ಪುಸ್ತಕವಾಯಿತು. ವಚನ ಸಾಹಿತ್ಯವೇ, ಧರ್ಮಗ್ರಂಥವೇ ಎಂಬ ವಾದ ಒಂದು ಕಡೆ ನಡೆಯುತ್ತಲೇ ಇದೆ. ಸಾಮಾನ್ಯ ಓದುಗ ಮಾತ್ರ ಅದನ್ನು ತನ್ನನ್ನು ತಾನು ತಿದ್ದಿಕೊಳ್ಳುವ ಮಾತಾಗಿ ತೆಗೆದುಕೊಂಡ. ಶಾಲೆಯ ಗೋಡೆ, ಲಗ್ನಪತ್ರಿಕೆ, ಸೊಸೈಟಿಯ ಕ್ಯಾಲೆಂಡರ್ ಎಲ್ಲಿ ನೋಡಿದರೂ ಅದು ಕಾಣುವುದಕ್ಕೆ ಹಳಕಟ್ಟಿಯವರ ಮಾರಿದ ಮನೆಯೇ ಬುನಾದಿ.

ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ ಹುಟ್ಟಿದ ಬಿ.ಡಿ. ಜತ್ತಿಯವರ ಹೆಸರು ಇಲ್ಲಿ ಬರಲೇಬೇಕು. ಮುಖ್ಯಮಂತ್ರಿ, ಉಪರಾಷ್ಟ್ರಪತಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿ ಎಂದು ಅವರನ್ನು ನೆನೆಯುತ್ತಾರೆ. ಪುಸ್ತಕದ ಲೋಕಕ್ಕೆ ಮುಖ್ಯವಾದದ್ದು 1964ರಲ್ಲಿ ಅವರು ಕಟ್ಟಿದ ಬಸವ ಸಮಿತಿ. ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ವಚನಗಳನ್ನು ಹಲವು ಭಾಷೆಗಳಿಗೆ ಕೊಂಡೊಯ್ದ ದೊಡ್ಡ ಕೆಲಸ ನಡೆದದ್ದು ಆ ಸಂಸ್ಥೆಯಿಂದ. ಅಂದಹಾಗೆ ಜತ್ತಿಯವರ ಇಂಗ್ಲಿಷ್ ಆತ್ಮಕಥೆಗೆ ‘ಐ ಆಮ್ ಮೈ ಓನ್ ಮಾಡೆಲ್’ ಎಂದು ಹೆಸರು. ಇಂದಿನ ಯಾವ ವ್ಯಕ್ತಿತ್ವ ವಿಕಸನದ ತರಬೇತುದಾರನೂ ಹೊಟ್ಟೆಕಿಚ್ಚುಪಡುವಂಥ ಶೀರ್ಷಿಕೆ. ಇತ್ತ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಮಠದ ಖರ್ಚಿನಲ್ಲಿ ಪುಸ್ತಕ ಅಚ್ಚು ಹಾಕಿಸುತ್ತಲೇ ಹೋಗಿ ‘ಪುಸ್ತಕದ ಸ್ವಾಮೀಜಿ’ ಎನಿಸಿಕೊಂಡರು.

ದಕ್ಷಿಣದಲ್ಲಿ ಬೇರೆಯೇ ಒಂದು ಹರಿವಿತ್ತು. ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಬಂತು. ಅವರ ಗೀತೆಯ ವ್ಯಾಖ್ಯಾನಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಕಗ್ಗ ಪದ್ಯವಾದರೂ ಅದರ ಸುತ್ತ ಹುಟ್ಟಿದ ಗದ್ಯವೇ ಒಂದು ಉದ್ಯಮ. ತಾತ್ಪರ್ಯ, ವ್ಯಾಖ್ಯಾನ, ಗಾಯನ, ದಿನಕ್ಕೊಂದು ಪದ್ಯದ ಅಂಕಣ ಹೀಗೆ. ಗುರುರಾಜ ಕರಜಗಿಯವರು ‘ಪ್ರಜಾವಾಣಿ’ಯಲ್ಲಿ ಬರೆದ ‘ಬೆರಗಿನ ಬೆಳಕು’ ಅಂಕಣದಿಂದ ಕಗ್ಗ ಉತ್ತರ ಕರ್ನಾಟಕದ ಚಹಾದಂಗಡಿಯ ಪೇಪರಿನವರೆಗೂ ಬಂತು. ಅದಕ್ಕೂ ಮುಂಚಿನ ಅವರ ‘ಕರುಣಾಳು ಬಾ ಬೆಳಕೆ’ ಅಂಕಣ ಕೂಡ ಸಂಪುಟಗಳಾಗಿ ಬಂದಿದೆ. ಕರಜಗಿಯವರ ಬರಹ ಓದುವಾಗ ಅವರ ಧ್ವನಿಯೂ ಕೇಳುತ್ತದೆ. ವಾಕ್ಯ ಚಿಕ್ಕದು, ಕತೆ ಒಂದೇ, ನೀತಿ ಕೊನೆಗೆ. ಅದು ಕಟ್ಟೆಯ ಪುರಾಣಿಕರ ಪಟ್ಟೇ.

ರಾಮಕೃಷ್ಣ ಆಶ್ರಮದ ಸನ್ಯಾಸಿಗಳು ಕನ್ನಡಕ್ಕೆ ಮಾಡಿದ್ದು ಇನ್ನೂ ದೊಡ್ಡದು. ಸ್ವಾಮಿ ಪುರುಷೋತ್ತಮಾನಂದರು ವಿದ್ಯಾರ್ಥಿಗಳಿಗೆಂದೇ ಏಕಾಗ್ರತೆಯ ಬಗ್ಗೆ ಬರೆದ ಕೈಹೊತ್ತಗೆಗಳು ಹೈಸ್ಕೂಲಿನ ಭಾಷಣ ಸ್ಪರ್ಧೆಗಳ ಬಹುಮಾನವಾಗಿ ಎಷ್ಟೋ ಮನೆ ಸೇರಿದವು. ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ 1980ರ ದಶಕದಿಂದ ಕನ್ನಡ ಮನೆಗಳಲ್ಲಿ ಪಂಚಾಂಗದ ಪಕ್ಕ ಜಾಗ ಪಡೆದ ಪುಸ್ತಕ. ಅದನ್ನು ಇವತ್ತು ಮತ್ತೆ ಓದಿದರೆ ಅದರ ಗುಟ್ಟು ತಿಳಿಯುತ್ತದೆ. ವಿವೇಕಾನಂದರ ಜೊತೆಗೆ ಪಾಶ್ಚಾತ್ಯ ಮನೋವಿಜ್ಞಾನಿಗಳು, ಪವಾಡಸದೃಶ ಘಟನೆಗಳ ಜೊತೆಗೆ ಪ್ರಯೋಗಾಲಯದ ವರದಿಗಳು, ಎಲ್ಲ ಒಂದೇ ಸಾಲಿನಲ್ಲಿ ಕೂತಿವೆ. ಪವಾಡವನ್ನೂ ಪ್ರಯೋಗವನ್ನೂ ಸಮಸಮವಾಗಿ ನಂಬುವ ಆ ಧಾಟಿ ನನಗೆ ಒಪ್ಪಿಗೆಯಿಲ್ಲ. ಆದರೂ ಪರೀಕ್ಷೆಯಲ್ಲಿ ನಪಾಸಾದ ಹುಡುಗನಿಗೆ ಕನ್ನಡದಲ್ಲಿ ಅಷ್ಟು ಅಕ್ಕರೆಯಿಂದ ಅದಕ್ಕೂ ಮುಂಚೆ ಯಾರೂ ಮಾತಾಡಿರಲಿಲ್ಲ ಎನ್ನುವುದೂ ನಿಜ. ಕರಾವಳಿಯಲ್ಲಿ ಇದೇ ಕೆಲಸವನ್ನು ಇಸ್ಲಾಮಿನ ನೆಲೆಯಿಂದ ಮಂಗಳೂರಿನ ಶಾಂತಿ ಪ್ರಕಾಶನ, ‘ಸನ್ಮಾರ್ಗ’ ಪತ್ರಿಕೆ ಮಾಡಿಕೊಂಡು ಬಂದಿವೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ಒಂದೇ ಬಗೆ: ಒಬ್ಬರು ಹೇಳುತ್ತಾರೆ, ನಾವು ಕೇಳುತ್ತೇವೆ. ಇದನ್ನು ತಿರುವಿ ಹಾಕಿದವರು ಡಾಕ್ಟರುಗಳು. ಅವರು ಮೊದಲು ಕೇಳಿಸಿಕೊಂಡು ಆಮೇಲೆ ಬರೆದರು. ನನ್ನ ಮಟ್ಟಿಗೆ ಕನ್ನಡದ ಈ ಸಾಹಿತ್ಯ ಗಳಿಸಿದ ಗಟ್ಟಿ ಲಾಭ ಇದೇ.

ರಾಶಿ ಎಂದು ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ತೆಗೆದವರು. ಆ ನಗೆಗಾರ ಡಾಕ್ಟರರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದಕ್ಕೂ ಹಿಂದಿನ ವರ್ಷ ಪ್ರಶಸ್ತಿ ಪಡೆದದ್ದು ಭೈರಪ್ಪನವರ ‘ದಾಟು’, ಮುಂದಿನ ವರ್ಷ ಕೆ.ಎಸ್. ನರಸಿಂಹಸ್ವಾಮಿಯವರ ‘ತೆರೆದ ಬಾಗಿಲು’. ಕಾದಂಬರಿ, ಕವನ ಸಂಕಲನಗಳ ನಡುವೆ ಮನೋರೋಗಗಳ ಕುರಿತ ಪುಸ್ತಕವೊಂದು ಸಾಹಿತ್ಯವೆಂದೇ ಗೌರವ ಪಡೆಯಿತು. ಡಾ. ಅನುಪಮಾ ನಿರಂಜನ ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ ಬರೆದಾಗ ಹೆಣ್ಣುಮಕ್ಕಳು ಅವನ್ನು ಸೀರೆಯ ಮಡಿಕೆಯೊಳಗಿಟ್ಟು ಓದಬೇಕಾದ ಕಾಲ. ಬಸುರು, ಬಾಣಂತನ, ಗಂಡ ಹೆಂಡಿರ ಸಂಬಂಧ ಇವೆಲ್ಲ ಪುರಾಣದ ಕಟ್ಟೆಯಲ್ಲಿ ಬರದ ವಿಷಯಗಳು. ಬಂದರೂ ಗಂಡಸಿನ ಬಾಯಲ್ಲಿ ಬರುತ್ತಿದ್ದವು.

ಆಮೇಲೆ ಸಿ.ಆರ್. ಚಂದ್ರಶೇಖರ್. ನಿಮ್ಹಾನ್ಸ್‌ನ ಈ ಮನೋವೈದ್ಯರು ಕನ್ನಡದಲ್ಲಿ ಬರೆದ ಪುಸ್ತಕಗಳು ಇನ್ನೂರಕ್ಕೂ ಹೆಚ್ಚು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇನ್ನೂರು ಪುಸ್ತಕವೆಂದರೆ ಒಂದರ ಮಾತು ಇನ್ನೊಂದರಲ್ಲಿ ಮತ್ತೆ ಬರುತ್ತದೆ, ಗದ್ಯಕ್ಕೆ ಯಾವ ಚೆಲುವೂ ಇಲ್ಲ ಎಂದು ಸಾಹಿತ್ಯದವರು ಮೂಗು ಮುರಿಯಬಹುದು. ಅವರ ಪುಟವೊಂದನ್ನು ಹತ್ತಿರದಿಂದ ನೋಡಬೇಕು. ನಿದ್ದೆ ಬರುವುದಿಲ್ಲ, ಎದೆ ಡವಡವ ಎನ್ನುತ್ತದೆ, ಸಾಯುತ್ತೇನೆಂಬ ಹೆದರಿಕೆ ಎಂಬಂಥ ದೂರು ಮೊದಲಿಗೆ, ಬಂದವರ ಮಾತಿನಲ್ಲೇ. ಅದಕ್ಕೆ ದೇಹದಲ್ಲೇನು ಕಾರಣ, ಮನಸ್ಸಿನಲ್ಲೇನು ಕಾರಣ ಎಂದು ನಾಲ್ಕು ಸಾಲು. ಮನೆಯವರು ಏನು ಮಾಡಬೇಕು, ಯಾವಾಗ ಡಾಕ್ಟರ ಹತ್ತಿರ ಹೋಗಬೇಕು ಎಂದು ಇನ್ನು ನಾಲ್ಕು. ಮುಗಿಯಿತು. ಬೈಗುಳ ಇಲ್ಲ, ಪೂರ್ವಜನ್ಮ ಇಲ್ಲ. ಮೈಮೇಲೆ ದೇವರು ಬರುವುದು, ದೆವ್ವ ಬಡಿಯುವುದು ಇವುಗಳ ಬಗ್ಗೆ ಅವರು ಸಂಶೋಧನೆಯನ್ನೇ ಮಾಡಿದವರು. ಹೀಗಾಗಿ ಹಳ್ಳಿಯ ನಂಬಿಕೆಯನ್ನು ಗೇಲಿ ಮಾಡದೆ, ಅದರ ಒಳಗಿನ ಸಂಕಟವನ್ನು ಮುಟ್ಟಿ ಮಾತಾಡುವುದು ಅವರಿಗೆ ಸಾಧ್ಯವಾಯಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಚಿಕಿತ್ಸೆ ಕೊಡುವ ಪ್ರಯೋಗ ಮಾಡಿತು. ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ. ಈ ಚಿಕಿತ್ಸೆಗೆ ಕನ್ನಡದಲ್ಲಿ ಮಾತು ಒದಗಿಸಿದವರಲ್ಲಿ ಚಂದ್ರಶೇಖರ್ ಮೊದಲ ಸಾಲಿನವರು.

1990ರ ದಶಕದಿಂದ ಗೆಲುವಿನ ಪುಸ್ತಕಗಳ ಹಂಗಾಮು. ತೆಲುಗಿನಿಂದ ಯಂಡಮೂರಿ ವೀರೇಂದ್ರನಾಥರ ‘ವಿಜಯಕ್ಕೆ ಐದು ಮೆಟ್ಟಿಲು’ ಬಂತು, ಇಂಗ್ಲಿಷಿನಿಂದ ಸಾಲುಸಾಲು ಅನುವಾದಗಳು ಬಂದವು. ರವಿ ಬೆಳಗೆರೆ ‘ಬಾಟಮ್ ಐಟಮ್’ ಬರೆದರು, ‘ಓ ಮನಸೇ’ ಪತ್ರಿಕೆ ತೆಗೆದರು. ಗೆಳೆಯನ ಹೆಗಲ ಮೇಲೆ ಕೈಹಾಕಿ ಮಾತಾಡುವ ಅವರ ಏಕವಚನದ ಧಾಟಿಯನ್ನು ಆಮೇಲೆ ಬಂದ ಬಹಳ ಮಂದಿ ಅನುಕರಿಸಿ ಸೋತರು. ಷಡಕ್ಷರಿಯವರ ‘ಕ್ಷಣ ಹೊತ್ತು ಆಣಿ ಮುತ್ತು’ ಪತ್ರಿಕೆಯ ಮೂಲೆಯಿಂದ ಸಂಪುಟಗಳಾಯಿತು. ರಂಗಸ್ವಾಮಿ ಮೂಕನಹಳ್ಳಿಯವರ ‘ಹಣಕ್ಲಾಸು’ ದುಡ್ಡಿನ ಮಾತನ್ನು ನಾಚಿಕೆಯಿಲ್ಲದೆ ಆಡಿತು, ಅದು ಒಳ್ಳೆಯದೇ ಆಯಿತು. ಈಗ ‘ಇಕಿಗೈ’ ಕೂಡ ಕನ್ನಡದಲ್ಲಿದೆ. ಧಾರವಾಡ, ವಿಜಯಪುರಗಳಲ್ಲಿ ರೂಮು ಮಾಡಿ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರ ಟ್ರಂಕಿನಲ್ಲಿ ಗೈಡುಗಳ ನಡುವೆ ಇಂಥದೊಂದು ಇದ್ದೇ ಇರುತ್ತದೆ. ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾವಿರ ಹುದ್ದೆಗೆ ಲಕ್ಷ ಅರ್ಜಿ ಬೀಳುವ ಲೆಕ್ಕವನ್ನು ಇವು ಮುಟ್ಟುವುದಿಲ್ಲ, ಸೋತವನ ಮನಸ್ಸಿನಲ್ಲೇ ತಪ್ಪು ಹುಡುಕುತ್ತವೆ. ಬೇಂದ್ರೆಯ ನಾಡಿನಲ್ಲಿ ಇಷ್ಟು ಸಪ್ಪೆ ಗದ್ಯ ಹೇಗೆ ಮಾರಾಟವಾಗುತ್ತದೆ ಎಂಬುದೂ ಒಂದು ಒಗಟು.

ಇವೆಲ್ಲದರ ನಡುವೆ ಹಳೆಯ ದಾರಿ ಮುಚ್ಚಲಿಲ್ಲ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಇನ್ನೂ ಹರೆಯದಲ್ಲಿದ್ದಾಗಲೇ ಗುರು ಮಲ್ಲಿಕಾರ್ಜುನ ಸ್ವಾಮೀಜಿಯವರ ಪ್ರವಚನಗಳನ್ನು ‘ಸಿದ್ಧಾಂತ ಶಿಖಾಮಣಿ’ ಎಂದು ಪುಸ್ತಕ ಮಾಡಿದರು. ಆಮೇಲೆ ಅವರ ಪ್ರವಚನಗಳನ್ನು ಬೇರೆಯವರು ಪುಸ್ತಕ ಮಾಡುತ್ತ ಹೋದರು. ಊರಿಗೆ ಬಂದರೆ ತಿಂಗಳುಗಟ್ಟಲೆ ಬೆಳಗಿನ ಪ್ರವಚನ. ಕಬ್ಬಿನ ಗದ್ದೆಗೆ ಹೋಗುವವರು, ಬನಹಟ್ಟಿ ಕಡೆಯ ನೇಕಾರರು, ಮಾಸ್ತರರು, ವ್ಯಾಪಾರಸ್ಥರು ನಸುಕಿನಲ್ಲೇ ಬಂದು ಸದ್ದಿಲ್ಲದೆ ಕೂಡುತ್ತಿದ್ದರು. ಜೇಬಿಲ್ಲದ ಬಿಳಿ ಅಂಗಿ, ಏರದ ಇಳಿಯದ ಧ್ವನಿ. ಉಪನಿಷತ್ತು, ಅಲ್ಲಮ, ಝೆನ್, ಸಾಕ್ರಟೀಸ್ ಎಲ್ಲ ಹೊಲದ ಭಾಷೆಯಲ್ಲೇ ಬಂದುಹೋಗುತ್ತಿದ್ದವು. 2018ರಲ್ಲಿ ಪದ್ಮಶ್ರೀ ಬಂದಾಗ ಬೇಡವೆಂದು ಕಾಗದ ಬರೆದರು. 2023ರ ಜನವರಿ 2ರಂದು ತೀರಿಕೊಂಡಾಗ, ಸ್ಮಾರಕ ಕಟ್ಟಬೇಡಿ ಎಂದು ಮೊದಲೇ ಬರೆದಿಟ್ಟಿದ್ದಂತೆ ದಹನ ಮಾಡಿದರು. ಪುಸ್ತಕಗಳು ಉಳಿದಿವೆ, ಅದಕ್ಕಿಂತ ಹೆಚ್ಚಾಗಿ ಧ್ವನಿ ಉಳಿದಿದೆ. ಟ್ರ್ಯಾಕ್ಟರಿನಲ್ಲಿ, ಮಗ್ಗದ ಮನೆಯಲ್ಲಿ ಮೊಬೈಲಿನಿಂದ ಆ ಪ್ರವಚನ ಕೇಳುತ್ತದೆ. ಕೊಪ್ಪಳದ ಗವಿಮಠದ ಸ್ವಾಮೀಜಿಯವರ ಮಾತಿಗೂ ಅಂಥದೇ ಶ್ರೋತೃವರ್ಗವಿದೆ. ಪುಸ್ತಕ ಮತ್ತೆ ಕಿವಿಗೆ ಮರಳಿದೆ ಎನ್ನಬಹುದು, ಪ್ರಕಾಶಕರಿಗೆ ಇದು ಖುಷಿಯ ಸುದ್ದಿಯಲ್ಲ.

ಪುಸ್ತಕವೇ ಇಲ್ಲದೆ ನಡೆದ ಒಂದು ಕೆಲಸವನ್ನು ಇಲ್ಲಿ ಬಿಡಲಾಗದು. ನಮ್ಮ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಮಹಾಂತ ಸ್ವಾಮೀಜಿ 1975ರಿಂದ ಜೋಳಿಗೆ ಹಿಡಿದು ಓಣಿ ಓಣಿ ತಿರುಗಿದರು. ಕೇಳಿದ್ದು ಕಾಳಲ್ಲ, ಕಾಸಲ್ಲ, ಕುಡಿತ, ಗುಟ್ಕಾ, ಬೀಡಿ. ಜನ ತಮ್ಮ ಚಟವನ್ನು ಜೋಳಿಗೆಗೆ ಹಾಕಿ ಆಣೆ ಮಾಡುತ್ತಿದ್ದರು. ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆಣೆ ಎಷ್ಟು ದಿನ ನಿಲ್ಲುತ್ತದೆ ಎಂದು ಮನೋವೈದ್ಯರು ಕೇಳಬಹುದು, ಕೇಳುವುದು ಸರಿಯೇ. ಆದರೆ ನಾಲ್ಕು ಮಂದಿಯ ಎದುರು ಒಪ್ಪಿಕೊಳ್ಳುವುದಕ್ಕೆ ಇರುವ ಬಲವನ್ನು, ಒಬ್ಬನೇ ಕೂತು ಓದುವ ಪುಸ್ತಕ ಕೊಡಲಾರದು.

ಈಗ ಹಳ್ಳಿಯ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂದು ಹೆಸರು ಬಂದಿದೆ. 2022ರ ಅಕ್ಟೋಬರ್‌ನಿಂದ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಆಪ್ತಸಲಹೆ ಸಿಗುತ್ತದೆ. ಪತ್ರಿಕೆಯ ಪ್ರಶ್ನೋತ್ತರ ಅಂಕಣ ಮಾಡುತ್ತಿದ್ದ ಕೆಲಸದ ಒಂದು ಪಾಲು ಅಲ್ಲಿಗೆ ಹೋಗಿದೆ. ಬರೆಯುವವರ ಪಾಲಿಗೆ ಉಳಿದಿರುವುದು ಇನ್ನೂ ಯಾರೂ ಸರಿಯಾಗಿ ಕೈಹಾಕದ ವಿಷಯಗಳು: ಕಬ್ಬಿನ ಬಿಲ್ಲು ತಡವಾದ ವರ್ಷ ಮನೆಯೊಳಗೆ ಏಳುವ ಜಗಳ, ಮಗ್ಗ ನಿಂತ ಮೇಲೆ ನೇಕಾರನಿಗೆ ಬರುವ ನಿದ್ದೆಗೇಡು, ಸಂಘದ ಸಾಲದ ಕಂತಿನ ಹಿಂದಿನ ದಿನ ಹೆಣ್ಣುಮಗಳ ತಲೆನೋವು. ಇವನ್ನು ಬರೆಯಲು ಬೆಂಗಳೂರಿನ ತರಬೇತುದಾರ ಬೇಕಿಲ್ಲ. ಮುಧೋಳದ ತಾಲೂಕಾ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಂದು ವರ್ಷ ಕೂತು ಕೇಳಿಸಿಕೊಂಡವರು ಸಾಕು.