ಕಲಿಸುವವರ ಕಲಿಕೆ: ಮಠಪತ್ರಿಕೆಯಿಂದ ದೀಕ್ಷಾದವರೆಗೆ

ಒಂದು ನಾಡಿನ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶಾಲೆಗಳ ಸಂಖ್ಯೆಯನ್ನೂ ವಿದ್ಯಾರ್ಥಿಗಳ ಸಂಖ್ಯೆಯನ್ನೂ ಎಣಿಸುತ್ತಾರೆ. ಆದರೆ ಕಲಿಸುವವನು ತಾನು ಎಲ್ಲಿ ಕಲಿತನು, ಒಮ್ಮೆ ಕಲಿತು ಹಳ್ಳಿಗೆ ಹೋದ ಮೇಲೆ ಆ ವಿದ್ಯೆಯನ್ನು ಹೇಗೆ ಕಾಪಾಡಿಕೊಂಡನು, ಅದನ್ನು ಯಾರ ಸಹಾಯದಿಂದ ಬೆಳೆಸಿದನು ಎಂಬ ಪ್ರಶ್ನೆಗಳು ಎಣಿಕೆಯ ಕೋಷ್ಟಕಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಇಂದು ಶಿಕ್ಷಕರು ತಮ್ಮ ಮನೆಯಲ್ಲಿಯೇ ಕುಳಿತು ಮೊಬೈಲಿನ ಪರದೆಯ ಮೇಲೆ ತರಬೇತಿಯನ್ನು ಪಡೆಯುತ್ತಿರುವುದನ್ನು ನೋಡಿ ಇದು ಹಿಂದೆಂದೂ ಇಲ್ಲದ ನೂತನ ವ್ಯವಸ್ಥೆಯೆಂದು ಅನೇಕರು ಭಾವಿಸುತ್ತಾರೆ. ಉಪಕರಣವು ನೂತನವೆಂಬುದು ನಿಜ. ಕಾರ್ಯವು ಮಾತ್ರ ಹಳೆಯದು. ಹುಬ್ಬಳ್ಳಿ-ಧಾರವಾಡ ಸೀಮೆಯಲ್ಲಿ ಅದಕ್ಕೆ ಒಂದೂವರೆ ಶತಮಾನಕ್ಕೂ ಮೀರಿದ ಇತಿಹಾಸವಿದೆ.

1818ರಲ್ಲಿ ಪೇಶವೆಯವರ ಆಳಿಕೆ ಅಳಿದು ಧಾರವಾಡ ಪ್ರಾಂತವು ಇಂಗ್ಲೀಷರ ಕೈಸೇರಿ, ಮುಂಬಯಿ ಇಲಾಖೆಯ ಒಂದು ಅಂಗವಾಯಿತು. ಅರಸರು ಬದಲಾದರೂ ಕಚೇರಿಯ ಭಾಷೆ ಬಹುಕಾಲ ಬದಲಾಗಲಿಲ್ಲ. ದಫ್ತರವು ಮರಾಠಿಯಲ್ಲಿ ನಡೆಯುತ್ತಿದ್ದುದರಿಂದ ಸರಕಾರದ ಶಾಲೆಗಳೂ ಮರಾಠಿಯನ್ನೇ ಹಿಡಿದವು. ಮನೆಯಲ್ಲಿ ಕನ್ನಡ ನುಡಿಯುವ ಬಾಲಕನು ಶಾಲೆಯಲ್ಲಿ ಪರಭಾಷೆಯ ಮೂಲಕ ಲೆಕ್ಕವನ್ನೂ ಭೂಗೋಲವನ್ನೂ ಕಲಿಯಬೇಕಾಗಿತ್ತು. ಸರಕಾರಿ ಶಾಲೆಯಿಲ್ಲದ ಊರುಗಳಲ್ಲಿ ಗಾಂವಠಿ ಶಾಲೆಗಳಿದ್ದವು. ಅಲ್ಲಿ ಪಂತೋಜಿಯಾಗಲಿ ಅಯ್ಯನವರಾಗಲಿ ಉಸುಕಿನ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಹೇಳಿಸಿ, ಊರವರು ಕೊಟ್ಟ ಕಾಳುಕಡಿಯಿಂದ ಜೀವನ ನಡೆಯಿಸುತ್ತಿದ್ದರು. ಶಾಲೆಗೆ ಮಠವೆಂದೇ ಹೆಸರಿತ್ತು. ಇಂದಿಗೂ ಈ ಭಾಗದಲ್ಲಿ ಕೇಳಿಬರುವ ‘ಸಾಲಿಮಠ’ ಎಂಬ ಮನೆತನದ ಹೆಸರು ಆ ಕಾಲದ ನೆನಪನ್ನು ಉಳಿಸಿಕೊಂಡಿದೆ. ಈ ಮಠದ ಗುರುಗಳಿಗೆ ಊರಿನಲ್ಲಿ ಗೌರವವಿತ್ತು; ಆದರೆ ತಮ್ಮ ವಿದ್ಯೆಯನ್ನು ಹೆಚ್ಚಿಸಿಕೊಳ್ಳುವ ದಾರಿ ಇರಲಿಲ್ಲ. ತಂದೆಯಿಂದಲೋ ಗುರುವಿನಿಂದಲೋ ಬಂದಷ್ಟನ್ನು ಮುಂದಿನವರಿಗೆ ದಾಟಿಸಿದರೆ ಅವರ ಕೆಲಸ ಮುಗಿಯಿತು.

ಈ ಸ್ಥಿತಿಯನ್ನು ಕಂಡು ಮರುಗಿದವರಲ್ಲಿ ಕೆಲವರು ಪರದೇಶದವರೇ ಆಗಿದ್ದರು. ಕಿತ್ತೂರಿನ 1824ರ ಸಮರದಲ್ಲಿ ಸೆರೆಸಿಕ್ಕಿದ್ದ ವಾಲ್ಟರ್ ಎಲಿಯಟ್ಟರು ಮುಂದೆ ಧಾರವಾಡದಲ್ಲಿ ಅಧಿಕಾರಿಯಾಗಿದ್ದಾಗ ಕನ್ನಡದ ಪಕ್ಷವನ್ನು ವಹಿಸಿ ಕನ್ನಡ ಶಾಲೆಗೆ ಆಶ್ರಯವಿತ್ತರು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಸಿ ಶಾಲೆಗಳನ್ನು ನಡೆಯಿಸಿದರು. ಆದರೆ ಶಾಲೆಯನ್ನು ತೆರೆಯುವುದು ಸುಲಭ, ಅದಕ್ಕೆ ತಕ್ಕ ಮಾಸ್ತರರನ್ನು ಒದಗಿಸುವುದು ಕಠಿಣ. ಕನ್ನಡದಲ್ಲಿ ಕಲಿಸಬೇಕೆಂದರೆ ಕನ್ನಡದಲ್ಲಿ ಕಲಿತವರು ಬೇಕು. ಅಂಥವರು ಬೇಕೆಂದರೆ ಕನ್ನಡ ಶಾಲೆಗಳು ಬೇಕು. ಈ ಸುಳಿಯಿಂದ ಹೊರಬರುವ ಹಾದಿಯು 1854ರ ವಿದ್ಯಾಭ್ಯಾಸದ ಆಜ್ಞಾಪತ್ರದಿಂದ ತೆರೆಯಿತು. ವುಡ್ಡನ ಹೆಸರಿನಿಂದ ಪ್ರಸಿದ್ಧವಾದ ಆ ಪತ್ರದಲ್ಲಿ ದೇಶಭಾಷೆಗಳ ಶಾಲೆಗಳಿಗೆ ಉತ್ತೇಜನ ಕೊಡಬೇಕೆಂದೂ ಶಿಕ್ಷಕರನ್ನು ಸಿದ್ಧಪಡಿಸುವ ನಾರ್ಮಲ್ ಶಾಲೆಗಳನ್ನು ಸ್ಥಾಪಿಸಬೇಕೆಂದೂ ಹೇಳಲಾಗಿತ್ತು. ಮರುವರ್ಷವೇ ಮುಂಬಯಿ ಇಲಾಖೆಯಲ್ಲಿ ವಿದ್ಯಾಖಾತೆಯು ಹುಟ್ಟಿತು.

ಈ ಅವಕಾಶವನ್ನು ಕನ್ನಡದ ಪಾಲಿಗೆ ದೊರಕಿಸಿಕೊಟ್ಟವರಲ್ಲಿ ಅಗ್ರಗಣ್ಯರು ಡೆಪ್ಯುಟಿ ಚನ್ನಬಸಪ್ಪನವರು. ಧಾರವಾಡದಲ್ಲಿ ಹುಟ್ಟಿ 1881ರಲ್ಲಿ ತೀರಿಕೊಂಡ ಇವರು ದೀರ್ಘಾಯುಷಿಗಳಲ್ಲ. ಆದರೂ ನಾರ್ಮಲ್ ಶಾಲೆಯ ಮುಖ್ಯಾಧ್ಯಾಪಕರಾಗಿಯೂ ಮುಂದೆ ಡೆಪ್ಯುಟಿ ಇನ್ಸ್ಪೆಕ್ಟರರಾಗಿಯೂ ಇವರು ಮಾಡಿದ ಕಾರ್ಯವು ಇಡೀ ಪ್ರಾಂತದ ಮುಖವನ್ನೇ ಬದಲಿಸಿತು. ವಿದ್ಯಾಖಾತೆಯ ಮೇಲಧಿಕಾರಿಗಳಾಗಿದ್ದ ರಸೆಲ್ ಸಾಹೇಬರ ಬೆಂಬಲವು ಇವರಿಗೆ ದೊರೆಯಿತು. ಮರಾಠಿ ಶಾಲೆಗಳಿದ್ದಲ್ಲಿ ಕನ್ನಡ ಶಾಲೆಗಳು ಬಂದವು. ಹೊಸ ಶಾಲೆಗಳಿಗೆ ಬೇಕಾದ ಮಾಸ್ತರರನ್ನು ನಾರ್ಮಲ್ ಶಾಲೆಯೂ ಅದರಿಂದ ಬೆಳೆದ ಟ್ರೇನಿಂಗ್ ಕಾಲೇಜೂ ಒದಗಿಸಿದವು. ಓದಲು ಕನ್ನಡ ಪುಸ್ತಕಗಳಿಲ್ಲವೆಂಬ ಕೊರತೆಯನ್ನು ನೀಗಲು ಚನ್ನಬಸಪ್ಪನವರು ಸ್ವತಃ ಲೇಖನಿ ಹಿಡಿದು, ಶೇಕ್ಸ್‌ಪಿಯರನ ಒಂದು ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕೆ ತಂದರು.

ಆದರೆ ಟ್ರೇನಿಂಗ್ ಮುಗಿದ ಮೇಲಿನ ಗತಿಯೇನು? ಮುಲ್ಕಿ ಪರೀಕ್ಷೆಯನ್ನು ದಾಟಿ, ಧಾರವಾಡದಲ್ಲಿ ತರಬೇತಿ ಹೊಂದಿದ ತರುಣನು ನವಲಗುಂದದ ಎರೆಯ ನೆಲದ ಹಳ್ಳಿಗೋ ಕಲಘಟಗಿಯ ಕಾಡಂಚಿನ ಊರಿಗೋ ಹೋಗಿ ನಿಲ್ಲುತ್ತಿದ್ದನು. ಏಕಶಿಕ್ಷಕ ಶಾಲೆಯಾದರೆ ಎಲ್ಲ ಇಯತ್ತೆಗಳೂ ಅವನೊಬ್ಬನವೇ. ಸಂದೇಹ ಬಂದರೆ ಕೇಳಲು ಸಹೋದ್ಯೋಗಿಯಿಲ್ಲ. ಮಳೆಗಾಲದಲ್ಲಿ ಎರೆಹೊಲದ ಹಾದಿಯು ಕೆಸರಾಗಿ ಗಾಡಿಯೂ ನಡೆಯದು. ಇಂಥಲ್ಲಿ ಐದಾರು ವರ್ಷ ಕಳೆಯುವಷ್ಟರಲ್ಲಿ ಕಲಿತ ಕ್ರಮವು ಮರೆತು, ಅವನೂ ಹಳೆಯ ಪಂತೋಜಿಯ ಜಾಡನ್ನೇ ಹಿಡಿಯುವ ಭಯವಿತ್ತು.

ಈ ಭಯಕ್ಕೆ ಪರಿಹಾರವು ಟಪಾಲಿನ ರೂಪದಲ್ಲಿ ಬಂದಿತು. ಇಂಗ್ಲಂಡದಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆಯು ಆರಂಭವಾದೊಡನೆ ಐಸಾಕ್ ಪಿಟ್ಮನ್ನನು ತನ್ನ ಶೀಘ್ರಲಿಪಿಯನ್ನು ಅಂಚೆಯ ಮೂಲಕವೇ ಕಲಿಸತೊಡಗಿದನು. ವಿದ್ಯಾರ್ಥಿಗಳು ಬರೆದು ಕಳಿಸಿದುದನ್ನು ತಿದ್ದಿ ಹಿಂದಿರುಗಿಸುವುದು ಅವನ ಕ್ರಮ. ಹಿಂದುಸ್ಥಾನದಲ್ಲಿಯೂ 1854ರಲ್ಲಿ ಅಂಚೆಯ ಹೊಸ ಕಾಯಿದೆ ಬಂದು, ಕಾಲು ತೊಲೆಯ ತೂಕದ ಪತ್ರವು ಎಷ್ಟೇ ದೂರಕ್ಕಾದರೂ ಅರ್ಧಾಣೆಗೆ ಹೋಗುವಂತಾಯಿತು. ದೂರವೆಂಬುದು ವೆಚ್ಚದ ಮಾತಾಗಿ ಉಳಿಯಲಿಲ್ಲ. ಈ ಅನುಕೂಲತೆಯ ಹಿನ್ನೆಲೆಯಲ್ಲಿ ಮುಂಬಯಿ ಇಲಾಖೆಯ ಮರಾಠಿ ಮಾಸ್ತರರಿಗಾಗಿ 1861ರಲ್ಲಿ ಶಾಲಾಪತ್ರಿಕೆಯೊಂದು ಹೊರಟಿತು. ನಾಲ್ಕು ವರ್ಷಗಳ ತರುವಾಯ, 1865ರಲ್ಲಿ, ಕನ್ನಡ ಮಾಸ್ತರರಿಗಾಗಿ ‘ಮಠಪತ್ರಿಕೆ’ಯು ಹುಟ್ಟಿತು.

ಆ ಹೆಸರಿನ ಔಚಿತ್ಯವನ್ನು ವಾಚಕರು ಗಮನಿಸಬೇಕು. ಸರಕಾರದ ಹೊಸ ಶಾಲೆಯ ಪತ್ರಿಕೆಗೆ ಊರವರ ಹಳೆಯ ಶಾಲೆಯ ಹೆಸರನ್ನು ಇಟ್ಟುದರಿಂದ, ಹೊಸದು ಹಳೆಯದರ ಮನೆಯಲ್ಲಿಯೇ ಬಾಳಬೇಕೆಂಬ ಭಾವವು ತೋರಿಬರುತ್ತದೆ. ಮುಂದೆ ಅದು ‘ಶಾಲಾಪತ್ರಿಕೆ’ಯೆಂದೂ ‘ಕನ್ನಡ ಶಾಲಾಪತ್ರಿಕೆ’ಯೆಂದೂ ಹೆಸರು ಬದಲಿಸಿಕೊಂಡು ಧಾರವಾಡದ ಟ್ರೇನಿಂಗ್ ಕಾಲೇಜಿನ ನೆರಳಿನಲ್ಲಿ ಬೆಳೆಯಿತು. ಅದರ ಸಂಪಾದಕತ್ವವನ್ನು ವಹಿಸಿದವರಲ್ಲಿ ವೆಂಕಟ ರಂಗೋ ಕಟ್ಟಿಯವರು ಮುಖ್ಯರು. 1893ರಲ್ಲಿ ‘ಕರ್ನಾಟಕ ಗ್ಯಾಝೆಟಿಯರ್’ ಎಂಬ ದೊಡ್ಡ ಗ್ರಂಥವನ್ನು ಕನ್ನಡದಲ್ಲಿ ಪ್ರಕಟಿಸಿದ ಈ ವಿದ್ವಾಂಸರಿಗೆ, ಶಾಸ್ತ್ರವಿಷಯಗಳನ್ನು ಜನರ ಕನ್ನಡದಲ್ಲಿ ಹೇಳಬಹುದೆಂಬ ದೃಢವಾದ ನಂಬಿಕೆಯಿತ್ತು.

ಈ ನಂಬಿಕೆಯ ಫಲವು ಶಾಲೆಯ ಗೋಡೆಗಳೊಳಗೆ ನಿಲ್ಲಲಿಲ್ಲ. ತನ್ನ ಕಸುಬಿನ ವಿಷಯವನ್ನು ತನ್ನ ಭಾಷೆಯಲ್ಲಿ ಓದಿದ ಮಾಸ್ತರನು ಮೆಲ್ಲಮೆಲ್ಲನೆ ಆ ಭಾಷೆಯಲ್ಲಿ ಬರೆಯುವ ಧೈರ್ಯವನ್ನೂ ಪಡೆದನು. 1890ರ ಜುಲೈ 20ರಂದು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಅದಕ್ಕೆ ದುಡಿದ ರಾ. ಹ. ದೇಶಪಾಂಡೆಯವರು ತಾವೇ ವಿದ್ಯಾಖಾತೆಯವರು. 1896ರಲ್ಲಿ ಸಂಘದ ‘ವಾಗ್ಭೂಷಣ’ ಪತ್ರಿಕೆಯು ಹೊರಟಿತು. ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದುಕೊಂಡೇ ಕನ್ನಡ ರಂಗಭೂಮಿಗೆ ನಾಟಕಗಳನ್ನು ಕೊಟ್ಟರು. ವಿಜಾಪುರದ ಕಡೆಯಲ್ಲಿ ಮಾಸ್ತರರಾಗಿದ್ದ ಸಿಂಪಿ ಲಿಂಗಣ್ಣನವರು ಹಲಸಂಗಿಯ ಗೆಳೆಯರೊಡನೆ ಹೆಣ್ಣುಮಕ್ಕಳ ಹಾಡುಗಳನ್ನು ಸಂಗ್ರಹಿಸಿ ನಾಡಿಗೆ ಒಪ್ಪಿಸಿದರು. ಇವರ ಪ್ರತಿಭೆಯು ಇವರದೇ. ಆದರೆ ಹಳ್ಳಿಯ ಮಾಸ್ತರನು ಅಕ್ಷರ ತಿದ್ದಿಸುವ ಆಳಲ್ಲ, ನಾಡಿನ ವಿದ್ಯಾವ್ಯವಹಾರದಲ್ಲಿ ಪಾಲುದಾರನೆಂಬ ಮನೋಭಾವವನ್ನು ಬೆಳೆಯಿಸಿದ ಕೀರ್ತಿಯಲ್ಲಿ ಟ್ರೇನಿಂಗ್ ಕಾಲೇಜಿಗೂ ಶಾಲಾಪತ್ರಿಕೆಗೂ ಪಾಲು ಸಲ್ಲಬೇಕು.

ಕಾಲಕ್ಕೆ ತಕ್ಕಂತೆ ವಾಹನಗಳು ಬದಲಾದವು. 1880ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆಯು ಹುಬ್ಬಳ್ಳಿ ಧಾರವಾಡಗಳನ್ನು ಮುಟ್ಟಿ ಟಪಾಲಿನ ವೇಗವನ್ನು ಹೆಚ್ಚಿಸಿತು. ಧಾರವಾಡದಲ್ಲಿ ಆ ಕಂಪನಿಯ ಕಚೇರಿಯಾಗಿದ್ದ ಭವ್ಯ ಕಟ್ಟಡವು ಮುಂದೆ, 1917ರಲ್ಲಿ ಹುಟ್ಟಿದ ಕರ್ನಾಟಕ ಕಾಲೇಜಿಗೆ ಮನೆಯಾಯಿತು. 1937ರ ವರ್ಧಾ ಪರಿಷತ್ತಿನಿಂದ ಮೂಲಶಿಕ್ಷಣದ ವಿಚಾರವು ಹಬ್ಬಿ, ಕೈಕೆಲಸದ ಮೂಲಕವೂ ಜೀವನದ ಮೂಲಕವೂ ವಿದ್ಯೆಯನ್ನು ಕೊಡಬೇಕೆಂಬ ಚರ್ಚೆಯು ಮಾಸ್ತರರಲ್ಲಿ ನಡೆಯಿತು. ಹಳೆಯ ಶಾಲಾಪತ್ರಿಕೆಯು ಪಡೆದ ‘ಜೀವನ ಶಿಕ್ಷಣ’ವೆಂಬ ಹೆಸರಿನಲ್ಲಿ ಆ ವಿಚಾರದ ಛಾಯೆಯಿದೆ. 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿಯು ಆರಂಭವಾದ ಮೇಲೆ ಟಪಾಲಿಗಾಗಿ ಕಾಯುವ ಹಳ್ಳಿಗೂ ವಿದ್ವಾಂಸರ ಧ್ವನಿಯು ನೇರವಾಗಿ ತಲುಪಿತು. ಅದೇ ವರ್ಷ ಕರ್ನಾಟಕ ವಿಶ್ವವಿದ್ಯಾಲಯವು ಮುಂಬಯಿಯಿಂದ ಧಾರವಾಡಕ್ಕೆ ಬಂದಿತು.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗೊಂದರಂತೆ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಏರ್ಪಟ್ಟಾಗ ಧಾರವಾಡದ ಟ್ರೇನಿಂಗ್ ಕಾಲೇಜಿನ ಪರಂಪರೆಯು ‘ಡಯಟ್’ ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು. 2004ರ ಸೆಪ್ಟೆಂಬರಿನಲ್ಲಿ ವಿದ್ಯಾಭ್ಯಾಸಕ್ಕೆಂದೇ ಎಡ್ಯುಸ್ಯಾಟ್ ಉಪಗ್ರಹವನ್ನು ಹಾರಿಸಲಾಯಿತು. ಕರ್ನಾಟಕದಲ್ಲಿ ಚಾಮರಾಜನಗರ ಜಿಲ್ಲೆಯ ಶಾಲೆಗಳು ಅದರ ಪಾಠಗಳನ್ನು ಮೊದಲು ಕಂಡವು. 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದೇ, ಕೇಂದ್ರ ಸರಕಾರದ ‘ದೀಕ್ಷಾ’ ಎಂಬ ಅಂತರ್ಜಾಲ ವೇದಿಕೆಯು ಆರಂಭವಾಯಿತು. 2019ರ ಆಗಸ್ಟಿನಲ್ಲಿ ಮುಖಾಮುಖಿ ತರಬೇತಿಯಾಗಿ ಹೊರಟ ‘ನಿಷ್ಠಾ’ ಕಾರ್ಯಕ್ರಮವು, 2020ರ ಮಾರ್ಚಿನಿಂದ ಕೋವಿಡ್ ಬೇನೆಯು ಶಾಲೆಗಳ ಬಾಗಿಲು ಮುಚ್ಚಿಸಿದುದರಿಂದ, ಅದೇ ವರ್ಷದ ಅಕ್ಟೋಬರಿನಲ್ಲಿ ದೀಕ್ಷಾ ವೇದಿಕೆಗೆ ಏರಿತು. ಒಂದು ಕಾಲದಲ್ಲಿ ಶಿಕ್ಷಕರಿಗೆ ಬಂದ ಪತ್ರಿಕೆಯ ಹೆಸರು ‘ಮಠ’, ಇಂದಿನ ವೇದಿಕೆಯ ಹೆಸರು ‘ದೀಕ್ಷಾ’. ಮಠದಲ್ಲಿ ದೀಕ್ಷೆಯನ್ನು ಪಡೆಯುವ ಸಂಪ್ರದಾಯವುಳ್ಳ ಈ ನಾಡಿನಲ್ಲಿ ಇದು ಕಾಕತಾಳೀಯವಾದರೂ ಸೊಗಸಾದ ಹೊಂದಿಕೆ.

ಹೊಸ ವ್ಯವಸ್ಥೆಯ ಲಾಭಗಳು ಅಲ್ಪವಲ್ಲ. ಮನೆ ಮಕ್ಕಳನ್ನು ಬಿಟ್ಟು ದೂರದ ಊರಿನಲ್ಲಿ ವಾಸಿಸಲಾರದ ಶಿಕ್ಷಕಿಯೂ ರಾತ್ರಿ ಕೆಲಸ ಮುಗಿದ ಬಳಿಕ ಪಾಠವನ್ನು ಕೇಳಬಹುದು. ಅರ್ಥವಾಗದುದನ್ನು ಮತ್ತೆ ಮತ್ತೆ ನೋಡಬಹುದು. ಕುಂದಗೋಳದ ಹಳ್ಳಿಯವರಿಗೂ ಹುಬ್ಬಳ್ಳಿಯ ಪೇಟೆಯವರಿಗೂ ಒಂದೇ ಸಾಮಗ್ರಿಯು ಒಂದೇ ದಿನ ದೊರೆಯುತ್ತದೆ. ಅರ್ಧಾಣೆಯ ಅಂಚೆಯು ಆರಂಭಿಸಿದ ಕಾರ್ಯವನ್ನು ಅಂತರ್ಜಾಲವು ಪೂರ್ಣಗೊಳಿಸಿತೆಂದರೆ ತಪ್ಪಾಗಲಾರದು.

ಆದರೆ ಇತಿಹಾಸವು ಎರಡು ಎಚ್ಚರಿಕೆಗಳನ್ನೂ ಕೊಡುತ್ತದೆ. ಮೊದಲನೆಯದು ಭಾಷೆಯ ವಿಷಯ. ಚನ್ನಬಸಪ್ಪನವರೂ ಕಟ್ಟಿಯವರೂ ಹೋರಾಡಿದ್ದು ಪರಭಾಷೆಯ ನೆರಳಿನಿಂದ ಶಾಲೆಯನ್ನು ಬಿಡಿಸುವುದಕ್ಕಾಗಿ. ಇಡೀ ದೇಶಕ್ಕೆ ಒಂದೇ ಪಾಠವನ್ನು ಸಿದ್ಧಪಡಿಸಿ, ಅದನ್ನು ಪ್ರಾಂತಭಾಷೆಗಳಿಗೆ ತಿರುಗಿಸುವ ಕ್ರಮದಲ್ಲಿ, ಕನ್ನಡ ಪದಗಳು ಇದ್ದರೂ ಕನ್ನಡದ ನಡೆಯು ಇಲ್ಲದೆ ಹೋಗುವ ಅಪಾಯವಿದೆ. ಎರೆಯ ಹೊಲವನ್ನೂ ಹತ್ತಿಯ ಬೆಳೆಯನ್ನೂ ಸಂತೆಯ ಲೆಕ್ಕವನ್ನೂ ಬಲ್ಲ ಮಗುವಿಗೆ ಕಲಿಸುವವನಿಗೆ, ಆ ಮಗುವನ್ನು ಬಲ್ಲವರು ಬರೆದ ಪಾಠವು ಬೇಕು. ಎರಡನೆಯದು ಉತ್ತರದ ವಿಷಯ. ಪಿಟ್ಮನ್ನನ ಶಿಕ್ಷಣವು ಫಲಿಸಿದ್ದು ಅವನು ಕಾಗದಗಳನ್ನು ಕಳಿಸಿದ್ದರಿಂದ ಮಾತ್ರವಲ್ಲ, ಬಂದ ಕಾಗದಗಳನ್ನು ಓದಿ ತಿದ್ದಿದ್ದರಿಂದ. ಪಾಠವನ್ನು ತೆರೆದು, ಪ್ರಶ್ನಾವಳಿಗೆ ಗುರುತು ಹಾಕಿ, ಪ್ರಮಾಣಪತ್ರವನ್ನು ಇಳಿಸಿಕೊಂಡರೆ ತರಬೇತಿ ಮುಗಿಯಿತೆಂಬ ಭಾವನೆಯು ಬೇರೂರಿದರೆ, ಮಗ್ಗಿಯನ್ನು ಅರ್ಥವರಿಯದೆ ಉರುಹೊಡೆದ ಹಳೆಯ ಕಾಲಕ್ಕೂ ಈ ಕಾಲಕ್ಕೂ ಭೇದವೇನು ಉಳಿಯಿತು?

ಆದುದರಿಂದ ಪರದೆಯ ಮೇಲಿನ ಪಾಠಕ್ಕೆ ಜೊತೆಯಾಗಿ ನೆರೆಹೊರೆಯ ಶಾಲೆಗಳ ಶಿಕ್ಷಕರು ತಿಂಗಳಿಗೊಮ್ಮೆಯಾದರೂ ಕೂಡಿ, ಕಲಿತುದನ್ನು ತರಗತಿಯಲ್ಲಿ ಪ್ರಯೋಗಿಸಿದಾಗ ಏನಾಯಿತೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಏರ್ಪಾಡು ಅವಶ್ಯವಾದುದು. ಹಾಗೆ ಹೇಳಿಕೊಂಡುದರಲ್ಲಿ ಉತ್ತಮವಾದುದು ಬರಹವಾಗಬೇಕು; ಆ ಬರಹವು ಅದೇ ವೇದಿಕೆಯ ಮೂಲಕ ಇತರರಿಗೆ ಮುಟ್ಟಬೇಕು. ಮಠಪತ್ರಿಕೆಯ ಪರಂಪರೆಯು ಒಂದೂವರೆ ಶತಮಾನ ಬಾಳಿದುದು ಮಾಸ್ತರರನ್ನು ಓದುಗರನ್ನಾಗಿ ಮಾಡಿ, ಓದುಗರನ್ನು ಲೇಖಕರನ್ನಾಗಿ ಮಾಡಿದುದರಿಂದಲೇ. ವಾಹನವು ಕಾಗದವಾಗಲಿ ಬೆಳಕಾಗಲಿ, ಹಳ್ಳಿಯಲ್ಲಿ ಒಬ್ಬಂಟಿಯಾಗಿ ನಿಂತು ಕಲಿಸುವವರಿಗೆ ತಾವು ಒಬ್ಬಂಟಿಗರಲ್ಲವೆಂಬ ಭರವಸೆಯನ್ನು ಅದು ತರುತ್ತಿರುವವರೆಗೆ ಧಾರವಾಡದ ಹಿರಿಯರು ಹಚ್ಚಿದ ದೀಪಕ್ಕೆ ಎಣ್ಣೆಯು ತೀರದು.