13,659 ಕಂಬ, ಹಗ್ಗ ಎಳೆದ ಕೈ ಎಷ್ಟು?

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ನೆದರ್ಲೆಂಡ್ಸ್ ದೇಶದ ಆಮ್ಸ್ಟರ್‌ಡ್ಯಾಮ್ ಊರಿನ ಮಧ್ಯೆ ಒಂದು ಅರಮನೆ ಇದೆ. ಮೊದಲು ಅದು ಅರಮನೆ ಅಲ್ಲ, ಊರಿನ ಪುರಭವನ. 1648ರಲ್ಲಿ ಕೆಲಸ ಶುರುವಾಗಿ 1655ರಲ್ಲಿ ಉದ್ಘಾಟನೆ ಆಯ್ತು. ಆ ಊರಿನ ನೆಲ ಅಂದ್ರೆ ಕೆಸರು. ಮೇಲೆ ಕೊಳೆತ ಗಿಡಗಂಟಿಯ ಮಣ್ಣು, ಜೇಡಿ, ನೀರು. ಸುಮಾರು 12 ಮೀಟರ್ ಕೆಳಗೆ ಹೋದರೆ ಮಾತ್ರ ಗಟ್ಟಿ ಮರಳಿನ ಪದರ ಸಿಗುತ್ತೆ. ಹಾಗಾಗಿ ಉದ್ದುದ್ದ ಮರದ ಕಂಬಗಳನ್ನ ಆ ಮರಳು ಮುಟ್ಟೋವರೆಗೂ ಬಡಿದು ಇಳಿಸಿ, ಅದರ ತಲೆ ಮೇಲೆ ಕಟ್ಟಡ ನಿಲ್ಲಿಸಿದ್ರು. ನಮ್ಮ ಬೆಂಗಳೂರಲ್ಲಿ ಮೆಟ್ರೋದವರು ಪೈಲಿಂಗ್ ಅಂತಾರಲ್ಲ, ಅದರ ಮುತ್ತಜ್ಜ ಇದು. ಕಂಬ ಸದಾ ನೀರಿನೊಳಗೇ ಇದ್ದರೆ ಬೇಗ ಕೊಳೆಯಲ್ಲ. ನೀರಿನ ಮಟ್ಟ ಇಳಿದು ಕಂಬದ ತಲೆಗೆ ಗಾಳಿ ತಾಗಿತೋ, ಕೊಳೆಯೋಕೆ ಶುರು.

ಈ ಒಂದು ಕಟ್ಟಡದ ಕೆಳಗೆ 13,659 ಕಂಬ ಇವೆಯಂತೆ. ಅಲ್ಲಿನ ಶಾಲೆ ಮಕ್ಕಳಿಗೂ ಈ ಲೆಕ್ಕ ಬಾಯಿಪಾಠ. ವರ್ಷಕ್ಕೆ 365 ದಿನ, ಮುಂದೆ ಒಂದು 1, ಹಿಂದೆ ಒಂದು 9 ಸೇರಿಸಿದರೆ ಆಯ್ತು. ಅಡಿಗಲ್ಲು ಇಟ್ಟವರು ಊರಿನ ಮೇಯರುಗಳ ಮನೆತನದ ನಾಲ್ಕು ಜನ ಚಿಕ್ಕ ಹುಡುಗರು. ಅವರ ಹೆಸರೂ ಇವತ್ತಿಗೂ ಸಿಗುತ್ತೆ. ಆದರೆ ಹಗ್ಗ ಎಳೆದವರ ಲೆಕ್ಕ ನೆನಪಿಡೋಕೆ ಯಾರೂ ಯಾವ ಉಪಾಯವನ್ನೂ ಹುಡುಕಲಿಲ್ಲ. ಗುಮಾಸ್ತನಾಗಿ ದಿನಾ ಬಿಲ್ಲು ನೋಡೋ ನನಗೆ ಇದು ಹೊಸದೇನಲ್ಲ. ಸಿಮೆಂಟು, ಕಬ್ಬಿಣ, ಜಲ್ಲಿ ಎಲ್ಲಕ್ಕೂ ಬೇರೆ ಬೇರೆ ಸಾಲು ಇರುತ್ತೆ. ಆಳುಗಳಿಗೆ ಮಾತ್ರ ಒಂದೇ ಸಾಲು, ಕೂಲಿ.

ಸರಿ, ಎಳೆಯೋದು ಅಂದ್ರೆ ಹೇಗೆ? ಎತ್ತರದ ಮರದ ಚೌಕಟ್ಟು, ಅದರ ತುದಿಗೆ ರಾಟೆ. ರಾಟೆ ಮೇಲೆ ದಪ್ಪ ಹಗ್ಗ. ಹಗ್ಗದ ಒಂದು ತುದಿಗೆ ನೂರಾರು ಕಿಲೋ ತೂಕದ ಬಡಿಗುಂಡು. ಇನ್ನೊಂದು ತುದಿ ಕವಲೊಡೆದು ಹತ್ತಾರು ಸಣ್ಣ ಹಗ್ಗ ಆಗುತ್ತೆ. ಒಂದೊಂದು ಹಗ್ಗಕ್ಕೆ ಒಬ್ಬೊಬ್ಬ ಆಳು. ಒಬ್ಬನ ಪಾಲಿಗೆ ಸುಮಾರು 15ರಿಂದ 20 ಕಿಲೋ ಭಾರ ಬರೋ ಹಾಗೆ ಲೆಕ್ಕ. ಗುಂಡು ಅರ್ಧ ಟನ್ ಇದ್ದರೆ ಮೂವತ್ತು ಜನ ಬೇಕೇ ಬೇಕು. ಎಲ್ಲರೂ ಒಟ್ಟಿಗೆ ಜಗ್ಗಿ ಗುಂಡನ್ನ ಒಂದು ಮೀಟರ್ ಆಸುಪಾಸು ಎತ್ತಬೇಕು, ಒಟ್ಟಿಗೇ ಸಡಿಲ ಬಿಡಬೇಕು. ಗುಂಡು ಕಂಬದ ತಲೆಗೆ ಬೀಳುತ್ತೆ, ಕಂಬ ಚೂರು ಇಳಿಯುತ್ತೆ. ಇಪ್ಪತ್ತೈದು ಮೂವತ್ತು ಏಟು ಆದ ಮೇಲೆ ಉಸಿರು ತಗೊಳ್ಳೋಕೆ ಬಿಡುವು. ಮತ್ತೆ ಶುರು. ಒಬ್ಬ ಅರೆಕ್ಷಣ ಮೊದಲು ಬಿಟ್ಟರೆ ಅವನ ಭಾರ ಪಕ್ಕದವನ ಭುಜಕ್ಕೆ.

ಮೂವತ್ತು ಜನರ ಕೈಯನ್ನ ಒಂದು ಕೈ ಮಾಡೋದು ಹೇಗೆ? ಹಾಡು. ಮೇಸ್ತ್ರಿ ಒಂದು ಸಾಲು ಹಾಡ್ತಿದ್ದ, ಆ ತಾಳಕ್ಕೆ ಉಳಿದವರು ಎಳೀತಿದ್ರು. ಡಚ್ಚರಲ್ಲಿ ಇಂಥ ಹಾಡುಗಳದ್ದೇ ಒಂದು ಜಾತಿ ಇದೆ. ಕೆಸರಿನ ಮೇಲೆ ನಿಂತಿರೋ ಇನ್ನೊಂದು ಊರು ವೆನಿಸ್‌ನಲ್ಲೂ ಕಂಬ ಬಡಿಯೋರ ಹಾಡು ಇತ್ತು. ತೇರಿನ ಹಗ್ಗಕ್ಕೆ ಕೈ ಹಾಕಿ 'ಐಸಾ' ಅಂದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. (ತೇರಿನ ಹಗ್ಗ ಮುಟ್ಟೋಕೆ ಯಾರಿಗೆ ಬಿಡ್ತಿದ್ರು, ಯಾರಿಗೆ ಬಿಡ್ತಿರಲಿಲ್ಲ ಅನ್ನೋದು ಬೇರೆ ಕಥೆ.)

ಮುಂದೆ ಯಂತ್ರ ಬಂತು. ಜೇಮ್ಸ್ ನಾಸ್ಮಿತ್ ಅನ್ನೋ ಎಂಜಿನಿಯರು ಉಗಿ ಸುತ್ತಿಗೆ ಮಾಡಿ, 1845ರಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟ್ ಹಡಗುಕಟ್ಟೆಯಲ್ಲಿ ಪಂದ್ಯ ಇಟ್ಟ. ಒಂದು ಕಡೆ ಹಳೇ ಪದ್ಧತಿ, ಇನ್ನೊಂದು ಕಡೆ ನಿಮಿಷಕ್ಕೆ 80 ಏಟು ಹಾಕೋ ಯಂತ್ರ. ಅವನೇ ಬರೆದುಕೊಂಡ ಹಾಗೆ ಯಂತ್ರಕ್ಕೆ ಹಿಡಿದದ್ದು ನಾಲ್ಕೂವರೆ ನಿಮಿಷ. ಆಳುಗಳಿಗೆ 12 ಗಂಟೆ.

ಹಾಗಾದ್ರೆ ಕೈಯಲ್ಲಿ ಎಳೆಯೋದು ಅಲ್ಲಿಗೇ ಮುಗೀತಾ? ಇಲ್ಲ. ಇದಾಗಿ ನೂರು ವರ್ಷ ಕಳೆದ ಮೇಲೂ ಜಪಾನಿನಲ್ಲಿ ಅದೇ ಗುಂಡು, ಅದೇ ಹಗ್ಗ. ಎಳೀತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಎರಡನೇ ಮಹಾಯುದ್ಧದಲ್ಲಿ ಗಂಡನನ್ನ ಕಳಕೊಂಡವರು ಎಷ್ಟೋ ಜನ. ಮರದ ಅಟ್ಟಣೆ ಕಟ್ಟಿ, ಮೇಲೆ ರಾಟೆ ಹಾಕಿ, ಸುತ್ತ ನಿಂತು, ತಲೆಗೆ ವಸ್ತ್ರ ಸುತ್ತಿಕೊಂಡು ಹಗ್ಗ ಜಗ್ಗಿ ಪಾಯದ ನೆಲ ಗಟ್ಟಿ ಮಾಡ್ತಿದ್ರು, ಕಂಬ ಇಳಿಸ್ತಿದ್ರು. ಜಗ್ಗುವಾಗ ಅವರ ಕೂಗು 'ಯೊಯಿತೊಮಾಕೆ'. ಕೊನೆಗೆ ಆ ಕೆಲಸಕ್ಕೂ, ಆ ಹೆಂಗಸರಿಗೂ ಅದೇ ಹೆಸರಾಯ್ತು. ಅದೇ ಕಾಲದಲ್ಲಿ ಸರ್ಕಾರದ ನಿರುದ್ಯೋಗ ಪರಿಹಾರ ಕೆಲಸಕ್ಕೆ ಟೋಕಿಯೋದಲ್ಲಿ ದಿನಕ್ಕೆ 240 ಯೆನ್ ಕೂಲಿ. ಎರಡು ನೂರು, ನಾಲ್ಕು ಹತ್ತು. ಅದನ್ನೇ ಚುಟುಕು ಮಾಡಿ ಅಲ್ಲಿ ದುಡಿಯೋರನ್ನ 'ನಿಕೊಯೊನ್' ಅಂತ ಕರೆದ್ರು. ಅಂದ್ರೆ ಕೂಲಿಯೇ ಮನುಷ್ಯನ ಹೆಸರು!

ಯಂತ್ರ ಗೊತ್ತಿರಲಿಲ್ಲ ಅಂತಲ್ಲ. ಯುದ್ಧವಿಮಾನ ಕಟ್ಟಿದ ದೇಶ ಅದು. ಹೆಂಗಸಿನ ಕೈ ಯಂತ್ರಕ್ಕಿಂತ ಅಗ್ಗ ಇತ್ತು, ಅಷ್ಟೇ ಅಂತ ನಾನು ಹೇಳ್ತೀನಿ. ಮ್ಯಾನ್‌ಹೋಲ್‌ಗೆ ಮನುಷ್ಯನನ್ನ ಇಳಿಸಬಾರದು ಅಂತ 2013ರ ಕಾಯ್ದೆ ಇದ್ದರೂ, ಜೆಟ್ಟಿಂಗ್ ಯಂತ್ರ ಇದ್ದರೂ ಯಾಕೆ ನಮ್ಮ ಹುಡುಗರೇ ಇಳೀತಾರೆ ಅನ್ನೋದಕ್ಕೂ ನನ್ನ ಹತ್ತಿರ ಇರೋದು ಇದೇ ಉತ್ತರ.

1965ರಲ್ಲಿ ಅಕಿಹಿರೊ ಮಿವಾ ಅನ್ನೋ ಗಾಯಕರು ಈ ಹೆಂಗಸರ ಮೇಲೆ ಒಂದು ಹಾಡು ತಂದ್ರು. ಮಿವಾ ನಾಗಾಸಾಕಿಯವರು, ಅಣುಬಾಂಬಿನಿಂದ ಬದುಕಿ ಉಳಿದವರು. ಹಾಡಿನ ಹೆಸರು 'ಯೊಯಿತೊಮಾಕೆ ನೊ ಉತಾ', ಯೊಯಿತೊಮಾಕೆ ಹಾಡು ಅಂತ ಅರ್ಥ. ಅಮ್ಮ ಹಗ್ಗ ಎಳೀತಾಳೆ, ಮಗನನ್ನ ಶಾಲೆಯಲ್ಲಿ ಹಂಗಿಸ್ತಾರೆ. ಮಗ ಅಳುತ್ತಾ ಮನೆಗೆ ಹೊರಡ್ತಾನೆ, ದಾರಿಯಲ್ಲಿ ಅಮ್ಮ ದುಡಿಯೋದನ್ನ ಕಂಡು ಶಾಲೆಗೇ ವಾಪಸ್ ಹೋಗ್ತಾನೆ. ಮುಂದೆ ಎಂಜಿನಿಯರ್ ಆಗ್ತಾನೆ. ಹಾಡು ಜನರಿಗೆ ಹಿಡೀತು. ಆದರೆ ಅದರಲ್ಲಿ 'ದೊಕಾತಾ' ಅನ್ನೋ ಪದ ಇತ್ತು. ಮಣ್ಣು ಕೆಲಸದ ಆಳು ಅಂತ ಅರ್ಥ, ಕೀಳು ಮಾಡಿ ಕರೆಯೋ ಮಾತು. ಈ ಕಾರಣಕ್ಕೆ ಖಾಸಗಿ ಪ್ರಸಾರ ಸಂಸ್ಥೆಗಳ ಒಕ್ಕೂಟ ಹಾಡನ್ನ 'ಎಚ್ಚರಿಕೆ ಬೇಕಾದ' ಪಟ್ಟಿಗೆ ಸೇರಿಸಿತು. ವರ್ಷಗಟ್ಟಲೆ ಖಾಸಗಿ ಚಾನೆಲ್‌ಗಳು ಅದರ ಹತ್ತಿರ ಹೋಗಲಿಲ್ಲ.

ನೋಡಿ ಎಂಥಾ ನಾಜೂಕು. ಬೈಗುಳದ ಪದ ಬೇಡ ಅಂತ ಬೈಸಿಕೊಂಡವರನ್ನೇ ಹೊರಗಿಟ್ಟರು. ಆ ಪದವನ್ನ ಹಂಗಿಸೋಕೆ ಹೇಳೋದು ಬೇರೆ, ನಮ್ಮಮ್ಮ ಅದೇ ಕೆಲಸ ಮಾಡಿ ನನ್ನನ್ನ ಓದಿಸಿದಳು ಅಂತ ಮಗ ಹೇಳೋದು ಬೇರೆ. ಕಲ್ಲು ಒಡೆದು, ಮಣ್ಣು ಹೊತ್ತು, ಕೆರೆ ಕಟ್ಟೆ ಎಲ್ಲ ಕಟ್ಟಿದ ವಡ್ಡರ ಹೆಸರನ್ನ ನಮ್ಮೂರುಗಳಲ್ಲಿ ಏನು ಮಾಡಿಕೊಂಡಿದ್ದಾರೆ ಅಂತ ಭೋವಿ ಸಮಾಜದ ಗೆಳೆಯರು ನನಗಿಂತ ಚೆನ್ನಾಗಿ ಹೇಳಬಲ್ಲರು.

2012ರ ಡಿಸೆಂಬರ್ 31ರ ರಾತ್ರಿ ಜಪಾನಿನ ಸಾರ್ವಜನಿಕ ಟಿವಿಯ ದೊಡ್ಡ ಹಾಡಿನ ಕಾರ್ಯಕ್ರಮದಲ್ಲಿ, ವರ್ಷದ ಕೊನೇ ದಿನ ದೇಶಕ್ಕೆ ದೇಶವೇ ಕೂತು ನೋಡೋ ಕಾರ್ಯಕ್ರಮ ಅದು, ಮಿವಾ ಈ ಹಾಡು ಹಾಡಿದ್ರು. ಕಪ್ಪು ಬಟ್ಟೆ ಹಾಕಿಕೊಂಡು, ಪೂರ್ತಿ ಆರು ನಿಮಿಷ. ಆಗ ಅವರಿಗೆ 77 ವರ್ಷ. ಯೂಟ್ಯೂಬಲ್ಲಿ ಹುಡುಕಿ ಕೇಳಿ. ಭಾಷೆ ಬರದಿದ್ದರೂ ಶುರುವಿನ ಆ ಕೂಗು ಗೊತ್ತಾಗುತ್ತೆ.

ನಿಮ್ಮ ಮನೆಯಲ್ಲಿ ಪಾಯಕ್ಕೆ, ರೋಡಿಗೆ ದಿಮ್ಮಸು ಹೊಡೆದ ಅಜ್ಜಿ, ಅವ್ವ, ದೊಡ್ಡಪ್ಪ ಯಾರಾದ್ರೂ ಇದ್ದರೆ, ಆಗ ಏನಂತ ಕೂಗ್ತಿದ್ರು, ಏನು ಹಾಡ್ತಿದ್ರು ಅಂತ ಕೇಳಿ ಕೆಳಗೆ ಬರೆಯಿರಿ. ಮೊಬೈಲಲ್ಲಿ ರೆಕಾರ್ಡ್ ಮಾಡಿ ಹಾಕಿದ್ರೆ ಇನ್ನೂ ಒಳ್ಳೇದು.